ತಿಳಿಯಪಡಿಸುವುದೇನೆಂದರೆ

ನಗರಸಭಿ ಆಟೋ ನಮ್ಮ ಓಣಿಗೆ ಬರೂದು
ಮುಂಜಾನಿ ಏಳೂವರಿಕ, ಮಗ್ಗಕ್ಕ ಕುಂಡ್ರೂ ಹೊತ್ತಿನಾಗ.
ತೆಲಿಮ್ಯಾಲೆ ಎರಡು ಭೋಂಗಾ.
ಒಳಗ ಯಾರ ಮನಿ ಮಗಳೋ, ಚೆಂದ ದನಿ,
ಊರು ಮಾತ್ರ ನಮ್ಮದಲ್ಲ:
"ಗದಗ-ಬೆಟಗೇರಿ ನಗರಸಭೆಯ ವತಿಯಿಂದ
ಸಮಸ್ತ ಸಾರ್ವಜನಿಕರಲ್ಲಿ ಈ ಮೂಲಕ
ತಿಳಿಯಪಡಿಸುವುದೇನೆಂದರೆ..."

ಏನೆಂದರೆ ಅನ್ನೂದರಾಗ
ಆಟೋ ಬೇವಿನಗಿಡದ ತಿರುವು ದಾಟಿರತೈತಿ.
ಹನ್ನೊಂದು ವರ್ಷಾತು, ನಾ ಈ ಓಣಿಗೆ ಸೊಸಿಯಾಗಿ ಬಂದು.
ಏನೆಂದರೆ ಏನು ಅನ್ನೂದು
ನಮ್ಮ ಕಿವಿಗೆ ಒಮ್ಮೆನೂ ಬಿದ್ದಿಲ್ಲ.

ಅದು ಬೀಳೂದು ಹಿಂದಿನ ಓಣ್ಯಾಗ.
ಅಲ್ಲಿಯವರಿಗೆ ತೆಲಿ ಇಲ್ಲ, ಬಾಲ ಐತಿ:
"...ಸಹಕರಿಸಬೇಕೆಂದು ವಿನಂತಿ."
ಯಾವುದಕ್ಕ ಅಂತ ಅವರಿಗೂ ಗೊತ್ತಿಲ್ಲ.
ಹಿಟ್ಟಿನ ಗಿರಣಿ ಮುಂದ ಅಂಬೂಬಾಯಿ ಕಬಾಡಿ ಸಿಕ್ಕಾಗ
ನಮ್ಮ ಅರ್ಧ, ಅವರ ಅರ್ಧ ಕೂಡಿಸಿ ನೋಡತೀವಿ,
ಕಡಿದ ಎಳಿಗೆ ಎಳಿ ಗಂಟು ಹಾಕಿದಂಗ.
ನಡುವ ಒಂದು ಗೇಣು ಕಡಿಮಿ ಬೀಳತೈತಿ.
ಆ ಗೇಣಿನಾಗ ಇರತೈತಿ ನೋಡ್ರಿ, ತಾರೀಖು.

ನೀರಿನ ಸುದ್ದಿಗೆ ಭೋಂಗಾ ಕಾಯಾಂಗಿಲ್ಲ ನಾವು.
ವಾಲ್ವಿನ ದಾವಲಸಾಬ ನದಾಫ,
ಆಳೆತ್ತರದ ಕೀಲಿ ಹೆಗಲಮ್ಯಾಲೆ,
ಕಂಬಕ್ಕ ಮೂರು ಪೆಟ್ಟು ಹಾಕಿದನಂದ್ರ ರಾತ್ರಿಗೆ ನೀರು.
ಎರಡು ಹಾಕಿದ್ರ ನಸುಕಿಗೆ.
ಒಂದ ಪೆಟ್ಟು ಹಾಕಿ ಸುಮ್ಮನ ಹೋದ್ರ
ಪೈಪ್ ಒಡದೈತಿ, ನನ್ನ ಕೇಳಬ್ಯಾಡ್ರಿ ಅಂತ ಅರ್ಥ.
ಅವ ಬರೂಕಿಂತ ಮೊದಲ, ಕುಣಿಮಗ್ಗದಾಗ ಇಳಿಬಿಟ್ಟ
ನನ್ನ ಪಾದಕ್ಕ ತಿಳೀತೈತಿ,
ನೆಲದ ಒಳಗ ಏನೋ ಗುಂಯ್ ಅಂದಂಗ.

ಬರದು ಹೇಳೂ ಪದ್ಧತೀನೂ ಐತಿ.
ಒಂದಿನ ಎದ್ದು ನೋಡಿದ್ರ
ರಂಗೋಲಿ ಮ್ಯಾಲೆ ಹಾದು ಹೋಗಿತ್ತು ಸುಣ್ಣದ ಗೆರಿ.
ಗ್ವಾಡಿಮ್ಯಾಲೆ ಕೆಂಪು ಬಣ್ಣದಾಗ: ಎಡ, ೧.೨೦, ಒಂದು ಬಾಣ.
ಮಾವ ಚಾಳೀಸು ಹಾಕ್ಕೊಂಡು ತಾಸೊತ್ತು ಓದಿದ.
ಬಾಣ ಮನಿ ಕಡಿಗೋ, ಗಟಾರದ ಕಡಿಗೋ?
ಜೇಯಿ ಸಾಹೇಬ್ರನ್ನ ಕೇಳಿದ್ರ
"ಅದು ನಮ್ಮ ಬಣ್ಣ ಅಲ್ರಿ" ಅಂದ್ರು.
ಮೂರು ತಿಂಗಳು ಆ ಬಾಣದ ಕೆಳಗ ಮಲಗಿ ಎದ್ದಿವಿ.
ಕಣ್ಣಿಗೆ ಬೀಳಬಾರದಂತ ಮಾವ
ಅಲ್ಲೊಂದು ಮಳಿ ಹೊಡದು ಅಂಗಿ ತೂಗಹಾಕಿದ.

ಆಮ್ಯಾಲೆ ತಗ್ಗು ಬಂತು.
ಅದಕ್ಕ ಭೋಂಗಾ ಬೇಕಾಗಲಿಲ್ಲ,
ತನ್ನ ಸುದ್ದಿ ತಾನ ಹೇಳಿಕೊಳ್ಳೂವಂಥ ತಗ್ಗು.
ದೂರು ಕೊಟ್ವಿ. ಮೊಬೈಲಿಗೆ ಉತ್ತರ ಬಂತು:
"ನಿಮ್ಮ ದೂರನ್ನು ಪರಿಹರಿಸಲಾಗಿದೆ."
ಮೊಬೈಲ್ ಹಿಡಕೊಂಡು ತಗ್ಗಿನ ದಂಡಿಮ್ಯಾಲೆ ನಿಂತು
ಒಮ್ಮೆ ಅದನ್ನ, ಒಮ್ಮೆ ಇದನ್ನ ನೋಡಿದ್ವಿ.

ಹೋದ ಮಂಗಳವಾರ ಏಳೂವರಿಕ
ಆಟೋ ಬಂದು ಅದರಾಗ ಬಿತ್ತು.
ಮುಂದಿನ ಗಾಲಿ ಒಳಗ, ಭೋಂಗಾ ಎರಡೂ ಮುಗಿಲಿಗೆ.
ಹುಡುಗಗ ಏನೂ ಆಗಲಿಲ್ಲ.
ದನಿ ನಿಲ್ಲಲಿಲ್ಲ.
ಲಾಳಿ ಅಲ್ಲೇ ಬಿಟ್ಟು ಓಡಿ ಬಂದ್ವಿ,
ಹಿಂದಿನ ಓಣಿಯವರೂ ಬಂದ್ರು,
ತೆಲಿಯವರು, ಬಾಲದವರು, ಎಲ್ಲಾರೂ ಕೂಡಿ
ಮೊದಲನೇ ಸಲ ಪೂರಾ ಕೇಳಿದ್ವಿ:

"...ತಿಳಿಯಪಡಿಸುವುದೇನೆಂದರೆ,
ಒಳಚರಂಡಿ ಕಾಮಗಾರಿ ನಿಮಿತ್ತ
ಸದರಿ ರಸ್ತೆಯಲ್ಲಿ ಗುಂಡಿ ತೋಡಲಾಗಿದ್ದು
ವಾಹನ ಸವಾರರು ಈ ಮಾರ್ಗವನ್ನು ಬಳಸದೆ
ಸಹಕರಿಸಬೇಕೆಂದು ವಿನಂತಿ."

ಯಾರೂ ನಗಲಿಲ್ಲ.
ಆಮ್ಯಾಲೆ ಅಂಬೂಬಾಯಿ, ಸೆರಗು ಬಾಯಿಗೆ ಹಿಡದು.
ಆಮ್ಯಾಲೆ ಆ ಹುಡುಗನೂ.

ಸಹಕರಿಸಿದ್ವಿ.
ಹಗ್ಗ ನಮ್ಮದು, ಹೆಗಲು ಹಿಂದಿನ ಓಣಿಯವರದು,
ಗಾಲಿ ಕೆಳಗ ಮೀಟಾಕ ದಾವಲಸಾಬನ ಕೀಲಿ.
ಎಂಟನೇ ದಿನದ ಕೊಡದಾಗಿನ ತಳದ ನೀರು
ಹುಡುಗಗ ಒಂದು ತಂಬಿಗಿ ಕೊಟ್ವಿ.
ಕುಡದು, ಮುಖ ಒರಸಿಕೊಂಡು, ಅವ ಕೇಳಿದ:
"ಹಂಗಾರ ಯಾವ ಕಡಿಂದ ಹೋಗ್ಲಿ?"

ಮಾವ ಮಾತಾಡಲಿಲ್ಲ.
ಗ್ವಾಡಿಮ್ಯಾಲಿನ ಅಂಗಿ ತಗದು
ಬಾಣ ತೋರಿಸಿದ.